ಬಾಣದೊಳಗಿನ ಏಳು ವರ್ಷ: ನೆಟ್‌ಫ್ಲಿಕ್ಸ್ ತನ್ನ ಡೇಟಾಬೇಸನ್ನು ಪಾಲು ಮಾಡಿದ ಪ್ರಕರಣ

2008ರಲ್ಲಿ ನೆಟ್‌ಫ್ಲಿಕ್ಸ್ ಅಂದರೆ ಅಮೆರಿಕದ ಜನರಿಗೆ ಮೊದಲು ನೆನಪಾಗುತ್ತಿದ್ದದ್ದು ಕೆಂಪು ಲಕೋಟೆ. ವೆಬ್‌ಸೈಟಿನಲ್ಲಿ ಬೇಕಾದ ಸಿನಿಮಾಗಳ ಪಟ್ಟಿ ಮಾಡಿಟ್ಟರೆ, ಮೇಲಿದ್ದ ಹೆಸರಿನ ಡಿವಿಡಿ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ನೋಡಿ ವಾಪಸ್ ಹಾಕಿದರೆ ಪಟ್ಟಿಯ ಮುಂದಿನದು. ನೆಟ್ ಮೇಲೆ ನೇರವಾಗಿ ಸಿನಿಮಾ ತೋರಿಸಲು ಶುರು ಮಾಡಿ ಇನ್ನೂ ಒಂದೂವರೆ ವರ್ಷ ಆಗಿತ್ತಷ್ಟೇ.

ಆ ವರ್ಷ ಆಗಸ್ಟ್‌ನಲ್ಲಿ ಡೇಟಾಬೇಸ್ ಕೆಟ್ಟಿತು. ಮೂರು ದಿನ ಡಿವಿಡಿ ಕಳಿಸಲು ಆಗಲಿಲ್ಲ. ಡಿಸ್ಕ್ ಇದ್ದವು, ಲಕೋಟೆ ಇದ್ದವು, ಅಂಚೆಯವರೂ ಇದ್ದರು. ಯಾರಿಗೆ ಯಾವುದು ಅನ್ನೋದನ್ನ ಹೇಳಬೇಕಾದವರು ಮಾತ್ರ ಮಲಗಿದ್ದರು.

ಈಗ ನಮ್ಮ ಆಫೀಸುಗಳಲ್ಲಿ "ಡೇಟಾಬೇಸ್ ಬೇರೆ, ಎಪಿಐ ಬೇರೆ ಮಾಡೋಣ" ಅಂತ ಯಾರಾದರೂ ಬಾಯಿ ತೆರೆದರೆ ಐದು ನಿಮಿಷದೊಳಗೆ ನೆಟ್‌ಫ್ಲಿಕ್ಸ್ ಹೆಸರು ಬರುತ್ತದೆ. ಎಪಿಐ ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದನ್ನು ಕೇಳಿ ಉತ್ತರ ಪಡೆಯುವ ಬಾಗಿಲು. ಸ್ಲೈಡ್ ಕೂಡ ಎಲ್ಲ ಕಡೆ ಒಂದೇ. ಎಡಕ್ಕೆ ಎಲ್ಲ ಕೆಲಸವೂ ಒಂದರಲ್ಲೇ ಇರುವ ಒಂದು ದೊಡ್ಡ ಡಬ್ಬ, ಬಲಕ್ಕೆ ಹತ್ತಾರು ಪುಟ್ಟ ಡಬ್ಬ, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಬೇರೆ ಪ್ರೋಗ್ರಾಮ್ (ಸರ್ವಿಸ್), ನಡುವೆ ಒಂದು ಬಾಣ. ಆ ಬಾಣದೊಳಗೆ ಏಳು ವರ್ಷ ಇದೆ. ನನಗೆ ಡಬ್ಬಗಳಿಗಿಂತ ಆ ಬಾಣದ ಮೇಲೆಯೇ ಜಾಸ್ತಿ ಕುತೂಹಲ.

ಹಳೆಯ ಮನೆ

ಮೊದಲಿನ ವ್ಯವಸ್ಥೆ ನಮ್ಮಲ್ಲಿ ಬಹಳ ಜನ ಇವತ್ತಿಗೂ ನಡೆಸುತ್ತಿರುವಂಥದ್ದೇ. ಮುಂದೆ ಬಂದ ಕೋರಿಕೆಗಳನ್ನು ಮೆಷಿನ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಅಪಾಚೆ ಅನ್ನುವ ವೆಬ್ ಸರ್ವರ್, ಅದರ ಹಿಂದೆ ಜಾವಾ ಪ್ರೋಗ್ರಾಮ್ ಓಡಿಸುವ ಟಾಮ್‌ಕ್ಯಾಟ್. ಟಾಮ್‌ಕ್ಯಾಟ್‌ನೊಳಗೆ ಒಂದೇ ಒಂದು ಜಾವಾ ಅಪ್ಲಿಕೇಶನ್. ಹೆಸರೂ ಸರಳ, ಜಾವಾವೆಬ್. ಅದು ನೇರವಾಗಿ ಒರಾಕಲ್ ಡೇಟಾಬೇಸ್‌ಗೆ ಮಾತಾಡುತ್ತಿತ್ತು. ಆ ಡೇಟಾಬೇಸಿನ ಹೆಸರು ಸ್ಟೋರ್.

ಅಲ್ಲಿ ಎಂಜಿನಿಯರಿಂಗ್ ನಡೆಸಿದ್ದ ಜೋಶ್ ಇವಾನ್ಸ್ 2016ರ ಒಂದು ಭಾಷಣದಲ್ಲಿ ಆ ದಿನಗಳನ್ನು ವಿವರಿಸಿದ್ದಾರೆ. ಎಲ್ಲರ ಕೋಡೂ ಒಂದೇ ಕಡೆ ಸೇರುತ್ತಿತ್ತು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ರಿಲೀಸ್. ಏನಾದರೂ ಕೈಕೊಟ್ಟರೆ, ಆ ರಾಶಿಯಲ್ಲಿ ಯಾರ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕಬೇಕು. ನಿಧಾನಕ್ಕೆ ಮೆಮೊರಿ ಸೋರುವ ಒಂದು ತಪ್ಪನ್ನು ಹಿಡಿಯಲು ವಾರಗಟ್ಟಲೆ ಕೂತದ್ದೂ ಉಂಟು. ಇನ್ನು ಸ್ಟೋರ್ ಬಿದ್ದರೆ ಎಲ್ಲವೂ ಬಿದ್ದಂತೆ.

ಇದನ್ನು ಕೇಳಿ ನಗಬೇಡಿ. ಒಂದೇ ಡೇಟಾಬೇಸ್ ಇರುವ ಸುಖ ಅನುಭವಿಸಿದವರಿಗೇ ಗೊತ್ತು. ಪ್ರಶ್ನೆ ಏನೇ ಇರಲಿ, ಒಂದು ಕ್ವೆರಿ ಬರೆದರೆ ಉತ್ತರ ಸಿಗುತ್ತದೆ. ಎರಡು ಟೇಬಲ್‌ಗೆ ಒಟ್ಟಿಗೆ ಬರೆಯಬೇಕಾದರೆ ಒಂದು ಟ್ರಾನ್ಸಾಕ್ಷನ್ ಸಾಕು, ಆದರೆ ಎರಡೂ ಆಗುತ್ತವೆ, ಇಲ್ಲವೇ ಎರಡೂ ಇಲ್ಲ. ನೆಟ್‌ಫ್ಲಿಕ್ಸ್ ಆ ಸುಖ ಬಿಟ್ಟದ್ದು ಶೋಕಿಗಲ್ಲ. ಮೂರು ದಿನ ಅಂಗಡಿ ಮುಚ್ಚಿತ್ತಲ್ಲ, ಅದಕ್ಕೆ.

ಅಮೆಜಾನ್‌ನ ಕ್ಲೌಡಿಗೆ, ಅಂದರೆ ಅವರ ಮೆಷಿನ್‌ಗಳನ್ನು ಬಾಡಿಗೆಗೆ ಪಡೆಯುವ ವ್ಯವಸ್ಥೆಗೆ, ಹೋಗೋದು ಅಂತ ತೀರ್ಮಾನವಾದಾಗ ಒಂದು ಸುಲಭದ ದಾರಿ ಎದುರಿಗೇ ಇತ್ತು. ಇದ್ದದ್ದನ್ನು ಇದ್ದ ಹಾಗೆ ಎತ್ತಿ ಅಲ್ಲಿಡುವುದು. ಹಾಗೆ ಮಾಡಿದರೆ ಹಳೆಯ ಡೇಟಾ ಸೆಂಟರಿನ ರೋಗಗಳೆಲ್ಲ ಜೊತೆಗೇ ಬರುತ್ತವೆ ಅಂತ ಅವರು ಬೇಡವೆಂದರು. ವಲಸೆ ಮುಗಿದ ಮೇಲೆ, 2016ರ ಫೆಬ್ರವರಿಯಲ್ಲಿ, ಯೂರಿ ಇಜ್ರೈಲೆವ್ಸ್ಕಿ ಕಂಪನಿಯ ಪರವಾಗಿ ಬರೆದದ್ದರಲ್ಲಿ ಈ ಮಾತು ನೇರವಾಗಿಯೇ ಇದೆ. ಖರ್ಚು ಉಳಿಸುವುದು ಮುಖ್ಯ ಕಾರಣವಾಗಿರಲಿಲ್ಲ ಅನ್ನುವುದೂ ಇದೆ. ಆ ಎರಡನೆಯ ಮಾತು ನಮ್ಮ ಸ್ಲೈಡುಗಳಿಗೆ ಯಾಕೋ ಬಂದೇ ಇಲ್ಲ.

ಮೊದಲ ಪುಟ

ಯಾವುದರಿಂದ ಶುರು ಮಾಡುವುದು? ಮನೆ ಪಾಲಾಗುವಾಗ ಗದ್ದೆ ಅಳೆದು ಹಂಚಿಕೊಳ್ಳಬಹುದು, ಪಾತ್ರೆ ಎಣಿಸಿ ಹಂಚಿಕೊಳ್ಳಬಹುದು. ಬಾವಿಯ ಹತ್ತಿರ ಬಂದಾಗ ಜಗಳ. ಅದಕ್ಕೇ ತಿಳಿದವರು ಬಾವಿಯ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಇವರೂ ಸುಲಭದ್ದರಿಂದಲೇ ಶುರು ಮಾಡಿದರು.

ಆಗ ಅಲ್ಲಿ ಕ್ಲೌಡ್ ವಿನ್ಯಾಸ ನೋಡುತ್ತಿದ್ದ ಏಡ್ರಿಯನ್ ಕಾಕ್‌ಕ್ರಾಫ್ಟ್ 2010ರಲ್ಲೇ ಇದನ್ನೆಲ್ಲ ಬಹಿರಂಗವಾಗಿ ಹೇಳಿಕೊಂಡಿದ್ದರು. ಸಾಧ್ಯವಾದಷ್ಟು ಸರಳವಾದ ಒಂದು ಎಪಿಐ ಕರೆ ಮೊದಲು ಹೋಯಿತು. ಹುಡುಕುವ ಜಾಗದಲ್ಲಿ ಎರಡಕ್ಷರ ಹೊಡೆದರೆ ಉಳಿದದ್ದನ್ನು ತುಂಬಿಕೊಡುವ ಕರೆ. ಅದಕ್ಕೆ ಗ್ರಾಹಕ ಯಾರು ಅಂತ ಗೊತ್ತಿರಬೇಕಿಲ್ಲ, ಏನನ್ನೂ ಬರೆಯಬೇಕಿಲ್ಲ, ಕೆಟ್ಟರೆ ಯಾರ ಕೆಲಸವೂ ನಿಲ್ಲುವುದಿಲ್ಲ. ವೆಬ್ ಪುಟಗಳಲ್ಲಿ ಮೊದಲು ಹೋದದ್ದು ಸ್ಟಾರ್ಜ್ ಚಾನೆಲ್ಲಿನ ಸಿನಿಮಾಗಳ ಪುಟ. ಅದರೊಳಗೆ ಉಪವಿಭಾಗ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸುವ ಕೆಲಸವೂ ಕಮ್ಮಿ.

ಪುಟ ಬದಲಿಸಿದ ರೀತಿ ಚೆನ್ನಾಗಿದೆ. ಹಳೆಯ ಸೈಟಿನ ಕೋಡೇ ಯಾರು ಕ್ಲೌಡಿಗೆ ಹೋಗಬೇಕು ಅಂತ ಆರಿಸುತ್ತಿತ್ತು. ಮೊದಲು ಶೇಕಡಾ ಇಷ್ಟು ಜನ ಅಂತ ಸ್ವಲ್ಪವೇ. ಹೋದವರ ಬ್ರೌಸರಿನಲ್ಲಿ ವಿಳಾಸದ ಮೊದಲ ಭಾಗ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಬದಲು ಮೂವೀಸ್ ಅಂತ ಕಾಣುತ್ತಿತ್ತು. ಉಳಿದ ವಿಳಾಸ ಅದೇ. ಹೊಸ ಪುಟ ಎಡವಿದರೆ ಹಳೆಯ ವಿಳಾಸಕ್ಕೆ ವಾಪಸ್ ತಳ್ಳುವುದು. ಆ ಪುಟದಲ್ಲಿದ್ದ ಪ್ಲೇ ಬಟನ್ ಒತ್ತಿದರೂ ಹೋಗುತ್ತಿದ್ದದ್ದು ಹಳೆಯ ಡೇಟಾ ಸೆಂಟರಿಗೇ. ಪುಟ ಒಂದೂರಿನಲ್ಲಿ, ಅದರ ಬಟನ್ ಇನ್ನೊಂದೂರಿನಲ್ಲಿ.

ಈ ನಡುಗಾಲಕ್ಕೆ ಅಲ್ಲಿಯವರು ರೋಮನ್ ಸವಾರಿ ಅನ್ನುತ್ತಿದ್ದರು. ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು ನಿಂತು ಓಡಿಸುವ ಸರ್ಕಸ್. ನಮ್ಮ ಕಡೆ ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಬುದ್ಧಿ ಹೇಳುತ್ತೇವೆ. ಇಲ್ಲಿ ಅದೇ ಕೆಲಸ, ಸಂಬಳಕ್ಕೆ, ವರ್ಷಗಟ್ಟಲೆ. ಗ್ರಾಹಕ ಹಳೆಯ ಸೈಟಿನಲ್ಲಿ ಪಟ್ಟಿಗೆ ಸಿನಿಮಾ ಸೇರಿಸಿದರೆ ಅದು ಕ್ಲೌಡಿನಲ್ಲೂ ಕಾಣಬೇಕು. ಕ್ಲೌಡಿನಲ್ಲಿ ಸ್ಟಾರ್ ಕೊಟ್ಟರೆ ಅದು ಒರಾಕಲ್‌ಗೂ ತಲುಪಬೇಕು. ನಡುವೆ ಡೇಟಾ ಆ ಕಡೆ ಈ ಕಡೆ ಹೊರುವ ಪ್ರೋಗ್ರಾಮುಗಳು ಬೇಕು. ಅವುಗಳಿಗೆ ಬಾಣದ ಚಿತ್ರದಲ್ಲಿ ಜಾಗವೇ ಇಲ್ಲ. ವಲಸೆ ಮುಗಿದ ದಿನ ಅಳಿಸಿ ಹಾಕಲೆಂದೇ ಬರೆದ ಕೋಡ್ ಅದು.

9 ದೊಡ್ಡದೋ 10 ದೊಡ್ಡದೋ

ಕ್ಲೌಡಿನಲ್ಲಿ ಶುರುವಿಗೆ ಬಳಸಿದ ಡೇಟಾಬೇಸುಗಳಲ್ಲಿ ಒಂದು ಅಮೆಜಾನ್‌ನ ಸಿಂಪಲ್‌ಡಿಬಿ. ಹೆಸರು ಸಿಂಪಲ್. ಅದರಲ್ಲಿ ಸಂಖ್ಯೆ ಅನ್ನುವ ಬಗೆಯೇ ಇರಲಿಲ್ಲ. ಎಲ್ಲವೂ ಅಕ್ಷರ. ಅಕ್ಷರದ ಲೆಕ್ಕದಲ್ಲಿ 9 ಅನ್ನೋದು 10ಕ್ಕಿಂತ ದೊಡ್ಡದು, ಯಾಕೆಂದರೆ ಹೋಲಿಕೆ ಎಡದಿಂದ ಶುರುವಾಗುತ್ತದೆ, ಒಂದಕ್ಕಿಂತ ಒಂಬತ್ತು ಮುಂದಿನದು. ಹಾಗಾಗಿ 9 ಅನ್ನು 0009, 10 ಅನ್ನು 0010 ಅಂತ ಸೊನ್ನೆ ತುಂಬಿ ಇಡಬೇಕು. ಎಷ್ಟು ಸೊನ್ನೆ ಅಂತ ಮೊದಲೇ ಯೋಚಿಸಿರಬೇಕು. ಒಂದು ಮೌಲ್ಯದ ಮಿತಿ 1024 ಬೈಟ್. ಒಂದು ಡೊಮೇನ್, ಅಂದರೆ ನಮ್ಮ ಟೇಬಲ್ ಇದ್ದ ಹಾಗೆ, 10 ಜಿಬಿ ದಾಟುವಂತಿಲ್ಲ. ದಾಟಿದರೆ ನೀವೇ ಹಲವು ಡೊಮೇನ್‌ಗಳಿಗೆ ಹಂಚಿ, ಯಾರ ಸಾಲು ಎಲ್ಲಿದೆ ಅಂತ ನಿಮ್ಮ ಕೋಡಿನಲ್ಲೇ ಲೆಕ್ಕ ಇಡಬೇಕು. ಬರೆದ ಕೂಡಲೇ ಓದಿದರೆ ಹಳೆಯ ಮೌಲ್ಯವೇ ಬರಬಹುದು. ಖಚಿತವಾದ ಓದು ಬೇಕು ಅಂತ ಕೇಳುವ ಸೌಲಭ್ಯ ಸೇರಿದ್ದೇ 2010ರಲ್ಲಿ.

ಮುಂದೆ ಅವರು ಕ್ಯಾಸಾಂಡ್ರಾ ಅನ್ನುವ ಇನ್ನೊಂದು ಡೇಟಾಬೇಸಿಗೆ ಬದಲಾದರು. 2011ರ ನವೆಂಬರಿನಲ್ಲಿ 288 ಮೆಷಿನ್ ಹೂಡಿ ಸೆಕೆಂಡಿಗೆ 10 ಲಕ್ಷಕ್ಕೂ ಮೀರಿ ಬರಹ ಮಾಡಿ ತೋರಿಸಿದರು. ಒರಾಕಲ್ ಕೊಡುತ್ತಿದ್ದ ಒಂದು ವಸ್ತು ಮಾತ್ರ ಅಲ್ಲೂ ಸಿಗಲಿಲ್ಲ. ಜಾಯಿನ್, ಅಂದರೆ ಹಲವು ಟೇಬಲ್‌ಗಳ ಸಾಲುಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸಿ ಕೊಡುವುದು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದಾಹರಣೆಗೆ ಮುಖಪುಟದಲ್ಲಿ "ನೀವು ಅರ್ಧ ನೋಡಿ ಬಿಟ್ಟದ್ದು" ಅನ್ನುವ ಒಂದು ಸಾಲು ಬೇಕು ಅಂದುಕೊಳ್ಳಿ. ಗ್ರಾಹಕ ಯಾರು, ಏನು ನೋಡಿದ್ದಾನೆ, ಆ ಸಿನಿಮಾದ ಹೆಸರೇನು, ಅವನಿರುವ ದೇಶದಲ್ಲಿ ಅದನ್ನು ತೋರಿಸುವ ಹಕ್ಕು ಇವತ್ತಿಗೂ ಇದೆಯಾ. ಒರಾಕಲ್‌ನಲ್ಲಾದರೆ ನಾಲ್ಕು ಟೇಬಲ್, ಒಂದು ಕ್ವೆರಿ. ಬೇರೆ ಬೇರೆ ಸರ್ವಿಸ್ ಆದ ಮೇಲೆ ನಾಲ್ಕು ಕರೆ. ಮೊದಲು ಗ್ರಾಹಕ, ಅವನ ನಂಬರ್ ಹಿಡಿದು ಇತಿಹಾಸ, ಇತಿಹಾಸದಲ್ಲಿ ಬಂದ ನಂಬರುಗಳನ್ನು ಹಿಡಿದು ಹೆಸರು ಮತ್ತು ಹಕ್ಕು. ಕೊನೆಯ ಎರಡನ್ನು ಒಟ್ಟಿಗೆ ಕೇಳಬಹುದು. ಮೊದಲ ಎರಡು ಒಂದರ ಹಿಂದೆ ಒಂದೇ ಆಗಬೇಕು. ಬಂದದ್ದನ್ನೆಲ್ಲ ಎಪಿಐ ಕೂತು ಹೊಲಿಯಬೇಕು.

ಅಂದರೆ ಜಾಯಿನ್ ಎಲ್ಲೂ ಹೋಗಲಿಲ್ಲ. ಡೇಟಾಬೇಸಿನಿಂದ ಹೊರಟು ಎಪಿಐಯ ತಲೆ ಮೇಲೆ ಕೂತಿತು. ಕರೆಗಳ ಸಂಖ್ಯೆ ಜಾಸ್ತಿಯಾದದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಒರಾಕಲ್ ಎಂದೂ ಕೇಳದೇ ಇದ್ದ ಒಂದು ಪ್ರಶ್ನೆಯನ್ನು ಈ ಹೊಸ ಮನೆ ಕೇಳುತ್ತದೆ, ಅದು ದೊಡ್ಡದು. ಕ್ವೆರಿ ಹಾಕಿದರೆ ಡೇಟಾಬೇಸ್ ಒಂದೋ ಪೂರ್ತಿ ಉತ್ತರ ಕೊಡುತ್ತದೆ, ಇಲ್ಲವೇ ತಪ್ಪು ಅನ್ನುತ್ತದೆ. ಇಲ್ಲಿ ಗ್ರಾಹಕ ಬಂದ, ಇತಿಹಾಸ ಬಂತು, ಹೆಸರು ಬಂತು, ಹಕ್ಕಿನ ಸರ್ವಿಸ್ ಮಾತಾಡಲಿಲ್ಲ. ಈಗ ಆ ಸಾಲು ತೋರಿಸಬೇಕಾ ಬೇಡವಾ? ಇದಕ್ಕೆ ಉತ್ತರ ಪ್ರೋಗ್ರಾಮರ್ ಹತ್ತಿರ ಇಲ್ಲ. ವ್ಯಾಪಾರ ಗೊತ್ತಿರುವವರನ್ನು ಕರೆದು ಕೂರಿಸಿ ಕೇಳಬೇಕು. ಪ್ರತಿಯೊಂದು ಸಾಲಿಗೂ, ಪ್ರತಿಯೊಂದು ಬಟನ್ನಿಗೂ.

ನೆಟ್‌ಫ್ಲಿಕ್ಸ್ ಕೂತು ಕೇಳಿತು. ನನಗೆ ಇಡೀ ಪ್ರಕರಣದಲ್ಲಿ ಹಿಡಿಸಿದ ಭಾಗ ಇದೇ. 2010ರ ಡಿಸೆಂಬರಿನಲ್ಲೇ ಅವರು ತಮ್ಮ ನಿಯಮ ಹೇಳಿದ್ದರು. ಶಿಫಾರಸು ಕೊಡುವ ಸರ್ವಿಸ್ ಬಿದ್ದರೆ ಎಲ್ಲರಿಗೂ ಜನಪ್ರಿಯ ಸಿನಿಮಾಗಳನ್ನೇ ತೋರಿಸಿ. ಹುಡುಕಾಟ ತೀರಾ ನಿಧಾನವಾದರೂ ಸಿನಿಮಾ ಓಡುತ್ತಿರಬೇಕು. ಜೊತೆಯವರೆಲ್ಲ ಬಿದ್ದರೂ ಒಂಟಿಯಾಗಿ ಹೋರಾಡಬೇಕು ಅನ್ನುವ ಅರ್ಥದಲ್ಲಿ ಇದಕ್ಕೆ ರ‍್ಯಾಂಬೊ ವಿನ್ಯಾಸ ಅಂತ ಹೆಸರಿಟ್ಟಿದ್ದರು. ಎಂಜಿನಿಯರುಗಳ ಹಾಸ್ಯ, ಬಿಡಿ.

ನಾಲ್ಕು ನಿಮಿಷ, ಮೂವತ್ತು ಸಲ

ಒಂದು ಲೆಕ್ಕ ಹಾಕೋಣ. ನಿಮ್ಮ ಎಪಿಐ 30 ಸರ್ವಿಸ್‌ಗಳನ್ನು ನಂಬಿಕೊಂಡಿದೆ. ಪ್ರತಿಯೊಂದೂ ಶೇಕಡಾ 99.99 ಹೊತ್ತು ಎದ್ದಿರುತ್ತದೆ. ಭಾರಿ ಒಳ್ಳೆಯ ಸರ್ವಿಸ್, ತಿಂಗಳಿಗೆ ನಾಲ್ಕು ನಿಮಿಷವಷ್ಟೇ ಮಲಗುತ್ತದೆ. ಆದರೆ ಎಲ್ಲವೂ ಒಂದೇ ಹೊತ್ತಿಗೆ ಮಲಗುವುದಿಲ್ಲವಲ್ಲ. 30 ಸಲ ನಾಲ್ಕು ನಿಮಿಷ ಸೇರಿಸಿ. ಎರಡು ಗಂಟೆಯಾಯಿತು. ಒಟ್ಟು ಶೇಕಡಾ 99.7. ಒಂದೊಂದು ತಂಡವೂ ತನ್ನ ವರದಿಯಲ್ಲಿ ಬೆನ್ನು ತಟ್ಟಿಕೊಳ್ಳುತ್ತಿರುತ್ತದೆ, ಗ್ರಾಹಕ ಮಾತ್ರ ತಿಂಗಳಿಗೆ ಎರಡು ಗಂಟೆ ಖಾಲಿ ಪರದೆ ನೋಡುತ್ತಿರುತ್ತಾನೆ.

ಪೂರ್ತಿ ಸತ್ತ ಸರ್ವಿಸ್ ಪರವಾಗಿಲ್ಲ. ಕರೆದ ತಕ್ಷಣ ಇಲ್ಲ ಅನ್ನುತ್ತದೆ. ನಿಧಾನವಾದದ್ದು ಕೊಲ್ಲುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಸುಮ್ನೆ ಬಿಟ್ಟರೆ 200 ಥ್ರೆಡ್ ಇರುತ್ತವೆ, ಒಂದೊಂದು ಕೋರಿಕೆಯನ್ನು ನೋಡಿಕೊಳ್ಳುವ ಕೆಲಸಗಾರರಿದ್ದ ಹಾಗೆ. ಒಂದು ಸರ್ವಿಸ್ ಉತ್ತರಕ್ಕೆ 10 ಸೆಕೆಂಡ್ ತಗೊಳ್ಳಲು ಶುರು ಮಾಡಿತು, ಸೆಕೆಂಡಿಗೆ 20 ಕೋರಿಕೆ ಅದರ ಕಡೆ ಹೋಗುತ್ತಿವೆ ಅಂದುಕೊಳ್ಳಿ. ಹತ್ತೇ ಸೆಕೆಂಡಿನಲ್ಲಿ 200 ಥ್ರೆಡ್‌ಗಳೂ ಕಾಯುತ್ತ ನಿಂತಿರುತ್ತವೆ. ಆ ಸರ್ವಿಸ್‌ಗೆ ಸಂಬಂಧವೇ ಇಲ್ಲದ ಕೋರಿಕೆಗೂ ಈಗ ಜಾಗ ಇಲ್ಲ. ಬಸ್ಸಿನ ಬಾಗಿಲಲ್ಲಿ ಒಬ್ಬ ಚಿಲ್ಲರೆಗಾಗಿ ಜಗಳಕ್ಕೆ ನಿಂತರೆ ಹಿಂದಿನವರೆಲ್ಲ ರಸ್ತೆಯಲ್ಲೇ, ಹಾಗೆ.

ಇದಕ್ಕೆ ಅವರು ಕಟ್ಟಿಕೊಂಡದ್ದು ಹಿಸ್ಟ್ರಿಕ್ಸ್ ಅನ್ನುವ ಕೋಡ್. 2012ರ ನವೆಂಬರಿನಲ್ಲಿ ಎಲ್ಲರಿಗೂ ತೆರೆದಿಟ್ಟರು. ಒಂದೊಂದು ಸರ್ವಿಸ್ಸಿಗೂ ಬೇರೆ ಥ್ರೆಡ್ ಗುಂಪು, ಮೊದಲೇ ಇಟ್ಟ ಮಿತಿ 10. ಒಂದು ಸೆಕೆಂಡ್ ಮೀರಿದರೆ ಕೈಬಿಡು. ಹತ್ತು ಸೆಕೆಂಡಿನಲ್ಲಿ ಕನಿಷ್ಠ 20 ಕರೆ ಆಗಿ, ಅದರಲ್ಲಿ ಅರ್ಧದಷ್ಟು ಸೋತರೆ, ಆ ಸರ್ವಿಸ್ಸಿನ ಕಡೆ ಹೋಗುವುದನ್ನೇ ನಿಲ್ಲಿಸು. ಮನೆಯ ಫ್ಯೂಸ್ ಹಾರಿದಂತೆ. ಐದು ಸೆಕೆಂಡ್ ಬಿಟ್ಟು ಒಂದೇ ಒಂದು ಕರೆ ಬಿಟ್ಟು ನೋಡು. ಬದುಕಿದ್ದರೆ ಮತ್ತೆ ತೆರೆ. ಅಷ್ಟರವರೆಗೆ ಮೊದಲೇ ಯೋಚಿಸಿಟ್ಟ ಬದಲಿ ಉತ್ತರ ಕೊಡು.

ಬದಲಿ ಉತ್ತರ ನಿಜಕ್ಕೂ ಕೆಲಸ ಮಾಡುತ್ತದೆಯೇ ಅಂತ ತಿಳಿಯಲು ಕೇಯಾಸ್ ಮಂಕಿ ಅನ್ನುವ ಪ್ರೋಗ್ರಾಮ್ ಬಿಟ್ಟರು. ಓಡುತ್ತಿರುವ ಮೆಷಿನ್‌ಗಳನ್ನು ಮನಸ್ಸಿಗೆ ಬಂದ ಹಾಗೆ ನಿಲ್ಲಿಸುವುದೇ ಅದರ ಕೆಲಸ. ತೋಟಕ್ಕೆ ಕೋತಿ ನುಗ್ಗಿದರೆ ಏನಾಗುತ್ತದೆ ಅಂತ ನಮಗೆ ವಿವರಿಸಬೇಕಿಲ್ಲ. ಇವರು ತಾವೇ ಒಂದನ್ನು ಸಾಕಿದರು. 2011ರ ಏಪ್ರಿಲ್‌ನಲ್ಲಿ ಅಮೆಜಾನ್‌ನ ಪೂರ್ವ ಅಮೆರಿಕದ ಕೇಂದ್ರ ದೊಡ್ಡ ಮಟ್ಟದಲ್ಲಿ ಕೆಟ್ಟಾಗ ಹಲವು ಹೆಸರುವಾಸಿ ಸೈಟುಗಳು ಮಲಗಿದವು, ನೆಟ್‌ಫ್ಲಿಕ್ಸ್ ಬಹುಮಟ್ಟಿಗೆ ನಡೆಯುತ್ತಲೇ ಇತ್ತು. 2012ರ ಡಿಸೆಂಬರ್ 24ರಂದು ಅಷ್ಟು ಅದೃಷ್ಟ ಇರಲಿಲ್ಲ. ಅಮೆಜಾನ್‌ನ ಲೋಡ್ ಬ್ಯಾಲೆನ್ಸರುಗಳ ಮಾಹಿತಿಯನ್ನು ಅಲ್ಲಿಯವರೇ ತಪ್ಪಿ ಅಳಿಸಿದ್ದರು. ಕ್ರಿಸ್‌ಮಸ್ ಹಿಂದಿನ ಸಂಜೆ, ಜನ ಮನೆಯಲ್ಲಿ ಸಿನಿಮಾಕ್ಕೆ ಕೂತ ಹೊತ್ತು. ಒಳಗೆ ಸರ್ವಿಸ್‌ಗಳು ಗಟ್ಟಿಯಾಗಿದ್ದವು, ಬಾಗಿಲೇ ಇರಲಿಲ್ಲ. ಒಂದಕ್ಕಿಂತ ಹೆಚ್ಚು ಕೇಂದ್ರಗಳಿಂದ ಒಟ್ಟಿಗೆ ನಡೆಸುವ ಕೆಲಸಕ್ಕೆ ಜೋರು ಬಂದದ್ದು ಆಮೇಲೆ.

ಬಾವಿಯ ಜಗಳ

ಬಾವಿ ಅಂದೆನಲ್ಲ. ನೆಟ್‌ಫ್ಲಿಕ್ಸಿನಲ್ಲಿ ಅದು ಗ್ರಾಹಕರ ಮಾಹಿತಿ. ಯಾವ ಸರ್ವಿಸ್ ಆದರೂ ಮೊದಲು ಕೇಳುವುದು "ಇವರು ಯಾರು" ಅಂತ. ಅದಕ್ಕೆ ಉತ್ತರ ಕೊಡುವ ಸರ್ವಿಸ್ಸಿನ ಮುಂದೆ ಒಂದು ಕ್ಯಾಶ್ ಇತ್ತು, ಪದೇ ಪದೇ ಕೇಳುವ ಉತ್ತರಗಳನ್ನು ಬೇಗ ಸಿಗುವಂತೆ ಇಟ್ಟುಕೊಳ್ಳುವ ಜಾಗ. ಅದರ ಮೇಲೆ ಸೆಕೆಂಡಿಗೆ 8 ಲಕ್ಷದಿಂದ 10 ಲಕ್ಷ ಕೋರಿಕೆ ಬೀಳುತ್ತಿದ್ದವು ಅಂತ ಇವಾನ್ಸ್ ಅದೇ ಭಾಷಣದಲ್ಲಿ ಹೇಳುತ್ತಾರೆ. ಹಿನ್ನೆಲೆಯಲ್ಲಿ ರಾಶಿಯಾಗಿ ಓಡುವ ಬ್ಯಾಚ್ ಕೆಲಸಗಳೂ ಅಲ್ಲಿಂದಲೇ ಸೇದುತ್ತಿದ್ದವು, ಸಿನಿಮಾ ನೋಡುತ್ತಿರುವವರಿಗೂ ಅಲ್ಲಿಂದಲೇ. ಒಂದೇ ಕೋರಿಕೆಯೊಳಗೆ ಬೇರೆ ಬೇರೆ ಕೋಡ್ ಅದೇ ಗ್ರಾಹಕನ ಬಗ್ಗೆ ಮತ್ತೆ ಮತ್ತೆ ಕೇಳುವುದೂ ಇತ್ತು. ಕ್ಯಾಶ್ ಬಿದ್ದಾಗ ಬದಲಿ ದಾರಿ ಏನು? ಹಿಂದಿರುವ ಸರ್ವಿಸ್ ಮತ್ತು ಡೇಟಾಬೇಸ್. ಅಷ್ಟೂ ಕೋರಿಕೆ ಅವುಗಳ ಮೇಲೆ ಒಟ್ಟಿಗೆ ಬಿತ್ತು. ಅವೂ ಮಲಗಿದವು.

ಬದಲಿ ಉತ್ತರ ಇತ್ತು, ಆದರೆ ಆ ಬದಲಿಗೆ ಹೊರುವ ಶಕ್ತಿ ಇರಲಿಲ್ಲ. ಆಮೇಲೆ ಬ್ಯಾಚ್ ಕೆಲಸಕ್ಕೆ ಬೇರೆ ಕ್ಯಾಶ್ ಮಾಡಿದರು. ಒಂದು ಕೋರಿಕೆಯೊಳಗೆ ಒಮ್ಮೆ ಸಿಕ್ಕ ಉತ್ತರವನ್ನು ಅಲ್ಲೇ ಇಟ್ಟುಕೊಳ್ಳುವಂತೆ ಮಾಡಿದರು. ಗ್ರಾಹಕನ ಮುಖ್ಯ ವಿವರವನ್ನು ಗುಪ್ತಲಿಪಿಯಲ್ಲಿ ಒಂದು ಟೋಕನ್ ಮಾಡಿ ಅವನ ಟೀವಿಗೇ ಕೊಟ್ಟರು. ಬಾವಿ ಬತ್ತಿದ ದಿನ ಟೀವಿಯೇ ಆ ಚೀಟಿ ತೋರಿಸುತ್ತದೆ, ಸಿನಿಮಾ ಶುರುವಾಗುವಷ್ಟು ವಿವರ ಅದರಲ್ಲಿದೆ.

ಎಪಿಐಯ ಕಥೆ ಇನ್ನೂ ಒಂದು ಸುತ್ತು ಇದೆ. 2008ರಲ್ಲಿ ಹೊರಗಿನ ಡೆವಲಪರ್‌ಗಳಿಗೆಂದು ತೆರೆದ ಎಪಿಐಯನ್ನೇ ಟೀವಿ, ಆಟದ ಬಾಕ್ಸ್, ಫೋನುಗಳಿಗೂ ಬಳಸಿದರು. 800ಕ್ಕೂ ಹೆಚ್ಚು ಬಗೆಯ ಸಾಧನಗಳು, ಎಲ್ಲದಕ್ಕೂ ಒಂದೇ ಅಳತೆಯ ಅಂಗಿ. 2012ರಲ್ಲಿ ಎಪಿಐ ತಂಡದ ಮುಖ್ಯಸ್ಥರಾಗಿದ್ದ ಡ್ಯಾನಿಯಲ್ ಜೇಕಬ್‌ಸನ್ ಇದನ್ನು ಬಿಟ್ಟುಕೊಟ್ಟದ್ದನ್ನು ವಿವರಿಸಿದರು. ಒಂದೊಂದು ಸಾಧನದ ತಂಡವೂ ತನಗೆ ಬೇಕಾದ ಉತ್ತರ ಹೊಲಿದುಕೊಳ್ಳುವ ಸ್ಕ್ರಿಪ್ಟನ್ನು, ಅಂದರೆ ಗ್ರೂವಿ ಭಾಷೆಯ ಪುಟ್ಟ ಪ್ರೋಗ್ರಾಮನ್ನು, ಎಪಿಐ ಸರ್ವರಿನೊಳಗೇ ಇಡುವ ವ್ಯವಸ್ಥೆ ಬಂತು. ಟೀವಿಯಿಂದ ಒಂದೇ ಕರೆ, ಹತ್ತು ಕಡೆ ಓಡಾಟ ಸರ್ವರಿನೊಳಗೆ.

ಒಳ್ಳೆಯದೇ ಆಯಿತು. ಆದರೆ ಎಲ್ಲ ಸರ್ವಿಸ್‌ಗಳ ಕ್ಲೈಂಟ್ ಲೈಬ್ರರಿ (ಆ ಸರ್ವಿಸನ್ನು ಕರೆಯುವ ಸಿದ್ಧ ಕೋಡ್), ಎಲ್ಲ ತಂಡಗಳ ಸ್ಕ್ರಿಪ್ಟ್ ಒಂದೇ ಪ್ರೊಸೆಸ್ಸಿನಲ್ಲಿ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಮಿನೊಳಗೆ, ಬಂದು ಕೂತವು. ಯಾರದೋ ಲೈಬ್ರರಿ ಮೆಮೊರಿ ತಿಂದರೆ ಎಲ್ಲರೂ ಬೀಳುತ್ತಾರೆ. ಈ ಸಾಲನ್ನು ಎಲ್ಲೋ ಓದಿದ ಹಾಗಿದೆ ಅಲ್ವಾ? ಮೇಲೆ, ಜಾವಾವೆಬ್ ಬಗ್ಗೆ. ಹಳೆಯ ಮನೆ ಹಿಂಬಾಗಿಲಿಂದ ಒಳಗೆ ಬಂದು ಕೂತಿತ್ತು. ಆ ಸ್ಕ್ರಿಪ್ಟುಗಳನ್ನು ಎಪಿಐ ಪ್ರೊಸೆಸ್ಸಿನಿಂದ ಹೊರಗೆ, ಬೇರೆ ಬೇರೆ ಕಂಟೇನರುಗಳಲ್ಲಿ, ಅಂದರೆ ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗದ ಗೂಡುಗಳಲ್ಲಿ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ ಮೇಲೆ ಓಡಿಸುವ ಕೆಲಸದ ಬಗ್ಗೆ ಅವರು 2016ರಲ್ಲಿ ಬರೆದರು.

ಇಲ್ಲಿ ನನ್ನದೊಂದು ಮಾತು. ನಾಲ್ಕು ಜನ ಡೆವಲಪರ್ ಇರುವ ಕಡೆ ಈ ಬಾಣದ ಚಿತ್ರ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಡೇಟಾಬೇಸನ್ನು ಬೇರೆ ಮೆಷಿನ್ನಿಗೆ ಹಾಕಿ, ಖಂಡಿತ. ವೆಬ್ ಪುಟಗಳು ನೇರವಾಗಿ ಟೇಬಲ್ ಮುಟ್ಟದೆ ಒಂದೇ ಎಪಿಐ ಮೂಲಕ ಹೋಗಲಿ, ಅದೂ ಸರಿ. ಆ ಒಂದು ಡೇಟಾಬೇಸನ್ನು ಆರು ತುಂಡು ಮಾಡುವ ಮುಂಚೆ "ಹಕ್ಕಿನ ಸರ್ವಿಸ್ ಮಾತಾಡದಿದ್ದರೆ ಏನು ತೋರಿಸೋಣ" ಅನ್ನುವ ಥರದ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಕೊಡುವವರು ಯಾರು ಅಂತ ನೋಡಿ. ಅವರೂ ಆ ನಾಲ್ವರಲ್ಲೇ ಒಬ್ಬರಾಗಿದ್ದರೆ ಅವರ ರಾತ್ರಿಯ ನಿದ್ದೆ ಹೋಯಿತು.

ಕೊನೆಗೆ ಉಳಿದದ್ದು

ಎಲ್ಲಕ್ಕಿಂತ ಕೊನೆಗೆ ಹೋದದ್ದು ಬಿಲ್ಲಿಂಗ್. ಇಲ್ಲಿ ಅರ್ಧ ಉತ್ತರ ನಡೆಯುವುದಿಲ್ಲ. ಶಿಫಾರಸು ಬರದಿದ್ದರೆ ಜನಪ್ರಿಯ ಸಿನಿಮಾ ತೋರಿಸಬಹುದು. ಕಾರ್ಡಿನಿಂದ ಹಣ ಎಳೆದೆವೋ ಇಲ್ಲವೋ ಗೊತ್ತಿಲ್ಲದಿದ್ದರೆ ಜನಪ್ರಿಯವಾದ ಒಂದು ಮೊತ್ತ ಎಳೆಯಲು ಆಗುತ್ತದೆಯೇ? ಎರಡು ಟೇಬಲ್‌ಗೆ ಒಟ್ಟಿಗೆ ಬರೆಯಬೇಕು, ಇಲ್ಲವೇ ಎರಡಕ್ಕೂ ಬರೆಯಬಾರದು.

ಏಳು ವರ್ಷ ಒರಾಕಲ್ ಬಿಡಿಸಿಕೊಳ್ಳುತ್ತ ಬಂದ ಕಂಪನಿ, ಹಣದ ವ್ಯವಹಾರಕ್ಕೆ ಆರಿಸಿದ್ದು ಮತ್ತೆ ಟೇಬಲ್, ಟ್ರಾನ್ಸಾಕ್ಷನ್ ಇರುವ ಡೇಟಾಬೇಸನ್ನೇ. ಮೈಎಸ್‌ಕ್ಯೂಎಲ್, ಅಮೆಜಾನ್‌ನ ಮೆಷಿನ್‌ಗಳ ಮೇಲೆ. 2016ರ ಜನವರಿ 4ರಂದು ಬಿಲ್ಲಿಂಗ್ ಪೂರ್ತಿ ಕ್ಲೌಡಿಗೆ ಬಂತು. ಸಿನಿಮಾ ಸೇವೆಗೆ ಬಳಸುತ್ತಿದ್ದ ಡೇಟಾ ಸೆಂಟರಿನ ಕೊನೆಯ ಭಾಗವೂ ಆ ತಿಂಗಳ ಶುರುವಿನಲ್ಲೇ ಬಂದ್ ಆಯಿತು. ಎರಡು ದಿನ ಬಿಟ್ಟು, ಜನವರಿ 6ರಂದು, ಒಂದೇ ಏಟಿಗೆ 130 ಹೊಸ ದೇಶಗಳಲ್ಲಿ ನೆಟ್‌ಫ್ಲಿಕ್ಸ್ ತೆರೆಯಿತು. ಅದರಲ್ಲಿ ಭಾರತವೂ ಇತ್ತು. ಆಗ ನಮ್ಮಲ್ಲಿ ಆರಂಭದ ಪ್ಲಾನ್ ತಿಂಗಳಿಗೆ 500 ರೂಪಾಯಿ ಇತ್ತು, ಮೊದಲ ತಿಂಗಳು ಪುಕ್ಕಟೆ.